ಉರಿಯುವುದು ಮತ್ತು ಬೀಳುವುದು: ಕ್ಷ-ಕಿರಣ ಯಮಳಗಳ ಕನ್ನಡ ನಿರೂಪಣೆ, ಒಂದು ವಿಮರ್ಶೆ

ಕನ್ನಡದಲ್ಲಿ ಕಾವ್ಯ, ಕಥೆ, ನಾಟಕಗಳ ವಿಮರ್ಶೆಗೆ ಸಮೃದ್ಧವಾದ ಪರಂಪರೆಯಿದೆ. ಕವಿತೆಯೊಂದರ ಒಂದೇ ವಿಶೇಷಣಕ್ಕಾಗಿ ಪುಟಗಟ್ಟಲೆ ವಾದ ಹೂಡಿದವರು ನಾವು. ಆದರೆ ವಿಜ್ಞಾನ ಗದ್ಯದ ಮಾತು ಬಂದಾಗ ನಮ್ಮ ವಿಮರ್ಶೆ ‘ಸರಳವಾಗಿದೆ’, ‘ಸುಬೋಧವಾಗಿದೆ’, ‘ಜನಸಾಮಾನ್ಯರಿಗೂ ಅರ್ಥವಾಗುವಂತಿದೆ’ ಎಂಬ ಮೂರು ಮಾತುಗಳಲ್ಲಿ ಮುಗಿದುಹೋಗುತ್ತದೆ. ವಿಜ್ಞಾನ ವಾಕ್ಯವೊಂದು ಸರಳವಾಗಿದ್ದೂ ತಪ್ಪಾಗಿರಬಹುದು, ತಪ್ಪಿಲ್ಲದೆಯೂ ಬಂಜೆಯಾಗಿರಬಹುದು. ಓದುಗನಲ್ಲಿ ಮುಂದಿನ ಪ್ರಶ್ನೆಯನ್ನು ಹುಟ್ಟಿಸುವ ಶಕ್ತಿ ಅದಕ್ಕಿದೆಯೇ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ. ಪ್ರಸ್ತುತ ಪ್ರಬಂಧದಲ್ಲಿ ಒಂದೇ ಒಂದು ವಿಷಯವನ್ನು, ಎಂದರೆ ಯಮಳ ವ್ಯವಸ್ಥೆಗಳಲ್ಲಿರುವ ನ್ಯೂಟ್ರಾನ್ ನಕ್ಷತ್ರಗಳಿಂದ ಹೊಮ್ಮುವ ಕ್ಷ-ಕಿರಣಗಳನ್ನು, ಎತ್ತಿಕೊಂಡು ನಮ್ಮ ಗದ್ಯವು ಅದನ್ನು ಹೇಗೆ ಹೇಳುತ್ತಿದೆ, ಹೇಳುವಾಗ ಎಲ್ಲೆಲ್ಲಿ ಎಡವುತ್ತಿದೆ ಎಂಬುದನ್ನು ಪರಿಶೀಲಿಸಲಾಗಿದೆ.

ಈ ವಿಷಯದ ಆಯ್ಕೆಗೆ ಒಂದು ಪ್ರಸಂಗ ಕಾರಣ. ಶಿವಮೊಗ್ಗದ ಕಾಲೇಜೊಂದರಲ್ಲಿ ಕ್ಷ-ಕಿರಣ ಖಗೋಳವಿಜ್ಞಾನವನ್ನು ಕುರಿತು ಕನ್ನಡದಲ್ಲಿ ಉಪನ್ಯಾಸ ನೀಡಿದ್ದೆ. ಭೂಮಿಯ ವಾಯುಮಂಡಲವನ್ನು ದಾಟಿ ಬರಲಾರವಾದ್ದರಿಂದ ಈ ಕಿರಣಗಳನ್ನು ಉಪಗ್ರಹಗಳಿಂದಲೇ ನೋಡಬೇಕು ಎಂದು ಹೇಳಿ ಮುಂದೆ ಸಾಗಿದ್ದೆ. ಭದ್ರಾವತಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸರ್, ಮೈಯೊಳಗೆ ತೂರಿ ಹೋಗೋ ಕಿರಣ ಗಾಳಿಯೊಳಗೆ ಯಾಕೆ ತೂರಲ್ಲ?” ಎಂದು ಕೇಳಿದಳು. ನಾನು ಬರೆದಿದ್ದ ಲೇಖನಗಳಲ್ಲಿಯೂ ‘ವಾಯುಮಂಡಲ ತಡೆಯುತ್ತದೆ’ ಎಂಬ ವಾಕ್ಯ ಹಲವು ಬಾರಿ ಬಂದಿತ್ತು. ಆ ಪ್ರಶ್ನೆಗೆ ಅವಕಾಶವೀಯುವ ಒಂದು ವಾಕ್ಯವೂ ಅಲ್ಲಿರಲಿಲ್ಲ. ಆದ್ದರಿಂದ ಮುಂದಿನ ಆಕ್ಷೇಪಗಳಲ್ಲಿ ಮೊದಲ ಆರೋಪಿ ಈ ಲೇಖಕನೇ ಎಂದು ಓದುಗರು ತಿಳಿಯಬೇಕು.

ಉತ್ತರವೇನೋ ಕಷ್ಟದ್ದಲ್ಲ. ನಮ್ಮ ತಲೆಯ ಮೇಲಿನ ಗಾಳಿ ತೆಳುವಾದರೂ ಅದರ ಒಟ್ಟು ಮೊತ್ತ ಅಲ್ಪವಲ್ಲ. ಒಂದು ಚದರ ಸೆಂಟಿಮೀಟರ್ ನೆಲದ ಮೇಲೆ ನಿಂತಿರುವ ಗಾಳಿಯ ಕಂಬದ ತೂಕ ಸುಮಾರು ಒಂದು ಕಿಲೋಗ್ರಾಮ್. ಅದು ಹತ್ತು ಮೀಟರ್ ಆಳದ ನೀರಿಗೆ ಸಮ. ಆಸ್ಪತ್ರೆಯ ಕಿರಣ ಒಂದೆರಡು ಗೇಣು ದಪ್ಪದ ದೇಹವನ್ನು ದಾಟುತ್ತದೆ, ಅದೂ ಬಹುಪಾಲನ್ನು ಕಳೆದುಕೊಂಡು. ಹತ್ತು ಮೀಟರ್ ನೀರನ್ನು ಅದು ದಾಟಲಾರದು. ಬಾನಿನ ಕ್ಷ-ಕಿರಣಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಕಿರಣಗಳಿಗಿಂತಲೂ ದುರ್ಬಲ. ಹೀಗೆ ಎರಡು ವಾಕ್ಯ ಹೆಚ್ಚು ಬರೆದಿದ್ದರೆ, ಬೆಲೂನನ್ನು ನಲವತ್ತು ಕಿಲೋಮೀಟರ್ ಎತ್ತರಕ್ಕೆ ಏರಿಸಿದಾಗ ತೀಕ್ಷ್ಣ ಕ್ಷ-ಕಿರಣಗಳು ಮಾತ್ರ ಸಿಗುವುದೇಕೆ, ಮಂದ ಕಿರಣಗಳಿಗೆ ರಾಕೆಟ್ಟೋ ಉಪಗ್ರಹವೋ ಬೇಕಾಗುವುದೇಕೆ ಎಂಬುದೂ ತಾನಾಗಿ ತಿಳಿಯುತ್ತಿತ್ತು.

‘ಕ್ಷ-ಕಿರಣ’ ಎಂಬ ಪದವನ್ನೇ ನೋಡೋಣ. 1895ರ ನವೆಂಬರ್ 8ರಂದು ರಾಂಟ್‌ಜೆನ್ ಈ ಕಿರಣಗಳನ್ನು ಗುರುತಿಸಿದಾಗ ಅದರ ಸ್ವರೂಪ ಆತನಿಗೆ ತಿಳಿದಿರಲಿಲ್ಲ. ಬೀಜಗಣಿತದ ಅಜ್ಞಾತ ಸಂಖ್ಯೆಯ ಚಿಹ್ನೆಯನ್ನೇ ಹೆಸರಾಗಿಸಿದ. ನಮ್ಮ ಬೀಜಗಣಿತದಲ್ಲಿ ಆ ಸ್ಥಾನ ‘ಕ್ಷ’ಕಾರದ್ದು. ಹೀಗಾಗಿ ‘ಕ್ಷ-ಕಿರಣ’ ಎಂಬುದು ಅಕ್ಷರದ ಬದಲಿಗೆ ಅಕ್ಷರವನ್ನಿಟ್ಟ ಅನುವಾದವಲ್ಲ. ಅಜ್ಞಾತವೆಂಬ ಭಾವದ ಅನುವಾದ. ಈಚಿನ ಬರೆಹಗಳು ಇದನ್ನು ಬಿಟ್ಟು ‘ಎಕ್ಸ್-ರೇ’ ಎನ್ನತೊಡಗಿವೆ. ಆಡುಮಾತಿನಲ್ಲಿ ಅದೇ ಸಹಜವಿರಬಹುದು. ಆದರೆ ಬರೆಹದಲ್ಲಿ ಇಷ್ಟು ಒಳ್ಳೆಯ ಪದವನ್ನು ಕೈಬಿಡಲು ನನಗೆ ಕಾರಣ ಕಾಣುವುದಿಲ್ಲ.

‘ಯಮಳ’, ‘ಯುಗ್ಮ’, ‘ಅವಳಿ’, ‘ಜೋಡಿ’ ಎಂಬ ನಾಲ್ಕು ಪದಗಳು ಪರಸ್ಪರ ಸುತ್ತುವ ಎರಡು ತಾರೆಗಳಿಗೆ ಬಳಕೆಯಲ್ಲಿವೆ. ‘ಅವಳಿ’ ಎಂದೊಡನೆ ಒಂದೇ ಗರ್ಭ, ಒಂದೇ ಮುಖ ಮನಸ್ಸಿಗೆ ಬರುತ್ತವೆ. ಜೊತೆಯಾಗಿ ಹುಟ್ಟುವುದೇನೋ ಬಹುಮಟ್ಟಿಗೆ ನಿಜ. ಆದರೆ ಈ ವ್ಯವಸ್ಥೆಗಳ ಕಥೆಯೆಲ್ಲ ಇರುವುದು ಅಸಮಾನತೆಯಲ್ಲಿ. ಹೆಚ್ಚು ತೂಕದ ತಾರೆ ತನ್ನ ಇಂಧನವನ್ನು ಬೇಗ ಮುಗಿಸುತ್ತದೆ. ಅದರ ಗರ್ಭದಲ್ಲಿ ಕಬ್ಬಿಣದವರೆಗಿನ ಧಾತುಗಳು ಬೆಸೆದುಕೊಂಡು, ಅಲ್ಲಿಂದ ಮುಂದೆ ಬೆಸುಗೆಯಿಂದ ಶಕ್ತಿ ದೊರೆಯದೆ, ತಿರುಳು ಕುಸಿದು ನ್ಯೂಟ್ರಾನ್ ನಕ್ಷತ್ರವಾಗುತ್ತದೆ. ಕಿರಿದಾದದ್ದು ಇನ್ನೂ ತಾರುಣ್ಯದಲ್ಲಿರುತ್ತದೆ. ‘ಯಮಳ’ಕ್ಕೂ ಮೂಲಾರ್ಥ ಅವಳಿಯೇ ಆದರೂ ಬಳಕೆಯಿಂದ ದೂರವಾದ ಪದವಾದ್ದರಿಂದ ಅದು ಪರಿಭಾಷೆಯಾಗಿ ನಿಲ್ಲಬಲ್ಲದು. ಈ ಪ್ರಬಂಧದಲ್ಲಿ ಅದನ್ನೇ ಬಳಸಿದ್ದೇನೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಕ್ಷತ್ರವೆಂದರೆ ಉರಿಯುವುದು ಎಂಬ ಕಲ್ಪನೆ ನಮ್ಮ ಗದ್ಯದಲ್ಲಿ ಎಷ್ಟು ಆಳವಾಗಿ ಇಳಿದಿದೆಯೆಂದರೆ, ಬಾನಿನಲ್ಲಿ ಪ್ರಕಾಶಿಸುವ ಯಾವುದಕ್ಕೂ ನಾವು ಕುಲುಮೆಯ ರೂಪಕವನ್ನೇ ತೊಡಿಸುತ್ತೇವೆ. ಭದ್ರಾವತಿಯಂಥ ಊರಿಗೆ ಹತ್ತಿರವಿರುವವರಿಗೆ ಇದು ಇನ್ನೂ ಸಹಜ. ಕನ್ನಡದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ 1918ರಲ್ಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಸ್ಥಾಪನೆಗೊಂಡಿತು ಎಂಬುದು ಆಕಸ್ಮಿಕವೇ ಆದರೂ ನೆನೆಯಲು ಚೆನ್ನಾಗಿದೆ. ಊದುಕುಲುಮೆಯಲ್ಲಿ ಇದ್ದಿಲು ಉರಿದು ಅದಿರು ಕರಗುವುದನ್ನು ಕಂಡ ಕಣ್ಣಿಗೆ ಸೂರ್ಯನನ್ನು ಕುಲುಮೆಯೆಂದು ಬಣ್ಣಿಸುವುದು ಸಲೀಸು. ಬೈಜಿಕ ಬೆಸುಗೆಯು ರಾಸಾಯನಿಕ ದಹನವಲ್ಲವಾದರೂ, ಇಂಧನ ಕರಗುತ್ತ ಹೋಗುತ್ತದೆ ಎಂಬಷ್ಟರ ಮಟ್ಟಿಗೆ ಆ ರೂಪಕ ಸೂರ್ಯನಿಗೆ ಸಲ್ಲುತ್ತದೆ.

ಕ್ಷ-ಕಿರಣ ಯಮಳಕ್ಕೆ ಅದು ಸಲ್ಲುವುದಿಲ್ಲ. ಅಲ್ಲಿ ಶಕ್ತಿ ಬರುವುದು ಬೀಳುವಿಕೆಯಿಂದ. ಶಿವಮೊಗ್ಗ ಜಿಲ್ಲೆಯಲ್ಲಿ ಕುಳಿತು ಇದಕ್ಕೆ ಉಪಮಾನ ಹುಡುಕಬೇಕಾಗಿಯೇ ಇಲ್ಲ: ಜೋಗವಿದೆ, ಶರಾವತಿಯ ವಿದ್ಯುದಾಗಾರಗಳಿವೆ. 253 ಮೀಟರ್ ಬೀಳುವ ಒಂದು ಕಿಲೋಗ್ರಾಮ್ ನೀರು ಸುಮಾರು 2,500 ಜೂಲ್ ಶಕ್ತಿಯನ್ನು ಬಿಟ್ಟುಕೊಡುತ್ತದೆ. ಅದೆಲ್ಲವೂ ಶಾಖವಾದರೂ ನೀರಿನ ಬಿಸಿ ಏರುವುದು ಒಂದು ಡಿಗ್ರಿಯ ಆರು ದಶಾಂಶ ಮಾತ್ರ. ಈಗ ಸೂರ್ಯನ 1.4 ಪಟ್ಟು ದ್ರವ್ಯವನ್ನು ಸುಮಾರು 10 ಕಿಲೋಮೀಟರ್ ತ್ರಿಜ್ಯದ ಗೋಲದೊಳಗೆ ಅಡಕಿದೆ ಎಂದಿಟ್ಟುಕೊಳ್ಳೋಣ. ಅದರ ಮೇಲ್ಮೈಗೆ ದೂರದಿಂದ ಬಂದು ಬೀಳುವ ಒಂದು ಕಿಲೋಗ್ರಾಮ್ ದ್ರವ್ಯ ಬಿಟ್ಟುಕೊಡುವ ಶಕ್ತಿ ಜೋಗದ ನೀರಿಗಿಂತ ಏಳೂವರೆ ಲಕ್ಷ ಕೋಟಿ ಪಟ್ಟು. ತಲುಪುವ ಹೊತ್ತಿಗೆ ಅದರ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು. ಅಷ್ಟೇ ಜಲಜನಕವನ್ನು ಬೆಸೆದು ಹೀಲಿಯಮ್ ಮಾಡಿದ್ದರೆ ಸಿಗುತ್ತಿದ್ದುದಕ್ಕಿಂತ ಇದು 25ರಿಂದ 30 ಪಟ್ಟು ಅಧಿಕ. ನಿಸರ್ಗದಲ್ಲಿ ಬೆಸುಗೆಗಿಂತ ಬೀಳುವಿಕೆ ಹೆಚ್ಚು ಫಲ ಕೊಡುವ ಸ್ಥಳವೊಂದಿದೆ ಎಂಬುದೇ ಈ ವಿಷಯದ ಜೀವಾಳ. ಎಲ್ಲವನ್ನೂ ‘ಉರಿಯುತ್ತದೆ’ ಎಂಬ ಒಂದೇ ಕ್ರಿಯಾಪದದಿಂದ ಹೇಳಿದಾಗ ಕಳೆದುಹೋಗುವುದು ಇದೇ.

ಇಷ್ಟು ಶಕ್ತಿ ಇಷ್ಟು ಚಿಕ್ಕ ಮೇಲ್ಮೈಯಿಂದ ಹೊರಬೀಳಬೇಕಾದರೆ ಅದರ ತಾಪ ಒಂದೆರಡು ಕೋಟಿ ಡಿಗ್ರಿಯ ಸುಮಾರಿಗೆ ಏರಲೇಬೇಕು. ಕಾದ ಕಬ್ಬಿಣ ಮೊದಲು ಕೆಂಪಗೆ, ಆಮೇಲೆ ಹಳದಿ, ಬಿಳುಪು ಎಂದು ಬಣ್ಣ ಬದಲಿಸುವುದನ್ನು ಭದ್ರಾವತಿಯವರಿಗೆ ಹೇಳಿಕೊಡಬೇಕಿಲ್ಲ. ಅದೇ ಸರಣಿಯನ್ನು ಮುಂದುವರಿಸಿದರೆ ಕೋಟಿ ಡಿಗ್ರಿಯಲ್ಲಿ ಸಿಗುವ ‘ಬಣ್ಣ’ವೇ ಕ್ಷ-ಕಿರಣ. ಕುಲುಮೆಯ ರೂಪಕಕ್ಕೆ ಇಲ್ಲಿ ನ್ಯಾಯವಾದ ಸ್ಥಾನವಿದೆ: ಶಕ್ತಿಯ ಮೂಲವನ್ನು ಹೇಳಲು ಅದು ಸಲ್ಲದಿದ್ದರೂ ತಾಪ ಮತ್ತು ಬಣ್ಣಗಳ ಸಂಬಂಧವನ್ನು ಹೇಳಲು ಸಲ್ಲುತ್ತದೆ.

ಆದರೆ ಕೆಲವು ನ್ಯೂಟ್ರಾನ್ ನಕ್ಷತ್ರಗಳಲ್ಲಿ ಉರಿಯುವುದೂ ಉಂಟು. 1975ರಲ್ಲಿ ಪತ್ತೆಯಾದ ಕ್ಷ-ಕಿರಣ ಸ್ಫೋಟಗಳು ಅವು. ಮೇಲ್ಮೈಗೆ ಬಿದ್ದ ಜಲಜನಕ, ಹೀಲಿಯಮ್‌ಗಳು ಗಂಟೆಗಟ್ಟಲೆ ಕಾಲ ಪದರವಾಗಿ ಶೇಖರವಾಗಿ, ಒಮ್ಮೆಗೇ ಬೆಸೆದುಕೊಂಡು, ಹತ್ತಾರು ಸೆಕೆಂಡುಗಳಲ್ಲಿ ಉರಿದು ಮುಗಿಯುತ್ತವೆ. ಆ ಕೆಲವು ಸೆಕೆಂಡು ಅದು ಬೀಳುವಿಕೆಯ ಪ್ರಕಾಶವನ್ನು ಮೀರಿಸಬಹುದು. ಆದರೆ ಗಂಟೆಗಳ ಲೆಕ್ಕದಲ್ಲಿ ಕೂಡಿಸಿದಾಗ ಬೀಳುವಿಕೆಯ ಶಕ್ತಿಯೇ ಹಲವು ಹತ್ತು ಪಟ್ಟು ಹೆಚ್ಚು. ಒಂದೇ ತಾರೆಯಲ್ಲಿ ಎರಡು ಬಗೆಯ ಬೆಳಕು, ಎರಡು ಬಗೆಯ ಮೂಲ. ಈ ಎರಡರ ಅನುಪಾತವನ್ನು ಅಳೆದೇ ಸ್ಫೋಟಗಳು ಬೈಜಿಕ ಬೆಸುಗೆಯಿಂದ ಆದವೆಂದು ವಿಜ್ಞಾನಿಗಳು ತೀರ್ಮಾನಿಸಿದರು. ಎರಡಕ್ಕೂ ‘ಉರಿ’ ಎಂದೇ ಬರೆಯುವ ಗದ್ಯದಲ್ಲಿ ಈ ವಾದವನ್ನು ಮಂಡಿಸಲು ಜಾಗವೇ ಇಲ್ಲ. ಭಾಷೆಯ ಬಡತನ ಇಲ್ಲಿ ಅಲಂಕಾರದ ಬಡತನವಷ್ಟೇ ಅಲ್ಲ. ತರ್ಕದ ಒಂದು ಹೆಜ್ಜೆಯೇ ಬಿಟ್ಟುಹೋಗುತ್ತದೆ.

ಎರಡನೆಯ ಆಕ್ಷೇಪ ‘ಹೀರು’ ಎಂಬ ಕ್ರಿಯಾಪದದ ಮೇಲೆ. ನ್ಯೂಟ್ರಾನ್ ನಕ್ಷತ್ರ ತನ್ನ ಸಂಗಾತಿಯನ್ನು ‘ಹೀರುತ್ತದೆ’, ‘ನುಂಗುತ್ತದೆ’. ಅದು ‘ರಕ್ಕಸ’, ‘ರಕ್ತಪಿಪಾಸು’. ಇಂಥ ಮಾತುಗಳು ಜನಪ್ರಿಯ ಲೇಖನಗಳಲ್ಲಿ ಹೇರಳವಾಗಿವೆ. ಪುರಾಣದ ನೆನಪು ಓದುಗನನ್ನು ಒಳಕ್ಕೆಳೆಯುತ್ತದೆ ಎಂಬುದು ನಿಜ. ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಭೌತವಿಜ್ಞಾನಕ್ಕೆ. ಸೂರ್ಯನ 1.4 ಪಟ್ಟು ತೂಕದ ನ್ಯೂಟ್ರಾನ್ ನಕ್ಷತ್ರಕ್ಕೂ ಅಷ್ಟೇ ತೂಕದ ಸಾಮಾನ್ಯ ತಾರೆಗೂ ಸಂಗಾತಿಯ ದೂರದಲ್ಲಿ ಗುರುತ್ವ ಒಂದೇ. ಕುಸಿದು ಚಿಕ್ಕದಾದ ಮಾತ್ರಕ್ಕೆ ಅದರ ಸೆಳೆತ ಹೆಚ್ಚಾಗಲಿಲ್ಲ. ಹೆಚ್ಚು ಹತ್ತಿರ ಹೋಗಲು ಅವಕಾಶವಾಯಿತು, ಅಷ್ಟೆ. ಹಾಗಾದರೆ ದ್ರವ್ಯ ಏಕೆ ಹರಿಯುತ್ತದೆ? ಮಲೆನಾಡಿನ ಘಟ್ಟದ ನೆತ್ತಿಯನ್ನು ನೆನೆಯಬೇಕು. ತೀರ್ಥಹಳ್ಳಿ ತಾಲ್ಲೂಕೊಂದರಲ್ಲೇ ತುಂಗೆ ಮೂಡಣಕ್ಕೆ ಹರಿಯುತ್ತಾಳೆ, ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಡುವಣದ ಕಡಲಿಗೆ ಇಳಿಯುತ್ತಾಳೆ. ನಡುವಿನ ನೆತ್ತಿಯ ಮೇಲೆ ಬಿದ್ದ ಹನಿ ಯಾವ ಕಡೆಗೆ ಸೇರಬೇಕೆಂಬುದನ್ನು ನೆಲದ ಏರಿಳಿತ ನಿರ್ಧರಿಸುತ್ತದೆ. ಎರಡು ತಾರೆಗಳ ನಡುವೆಯೂ ಗುರುತ್ವದ ಅಂಥದೊಂದು ನೆತ್ತಿಯಿದೆ. ಸಂಗಾತಿ ವಯಸ್ಸಿನೊಡನೆ ಉಬ್ಬಿದಾಗ, ಅಥವಾ ಕಕ್ಷೆ ಕುಗ್ಗಿದಾಗ, ಅದರ ಹೊರಪದರ ನೆತ್ತಿಯ ಅತಿ ತಗ್ಗಾದ ಕಣಿವೆಯವರೆಗೆ ಏರಿ ಆಚೆಗೆ ಸುರಿಯುತ್ತದೆ. ಸುರಿಯುವವನು ಸಂಗಾತಿ, ನ್ಯೂಟ್ರಾನ್ ನಕ್ಷತ್ರ ಕೆಳಗೆ ನಿಂತಿರುವ ಪ್ರಪಾತ. ನೌಕಾ ನಕ್ಷತ್ರಪುಂಜದ ವೇಲಾ ಎಕ್ಸ್-1ರಂಥ ಕಡೆ ಸುರಿಯುವುದೂ ಇಲ್ಲ. ದೈತ್ಯ ತಾರೆ ಬೀಸುವ ಗಾಳಿಯ ಒಂದಂಶ ಅಲ್ಲಿ ಸಿಕ್ಕಿಬೀಳುತ್ತದೆ. ಹೀಗೆ ‘ಸುರಿ’, ‘ಬೀಸು’ ಎಂಬೆರಡು ಕ್ರಿಯಾಪದಗಳು ಎರಡು ವರ್ಗದ ಯಮಳಗಳನ್ನು ಗುರುತಿಸಿಬಿಡುತ್ತವೆ. ‘ಹೀರು’ ಎರಡನ್ನೂ ಅಳಿಸಿಹಾಕುತ್ತದೆ.

ಸುರಿದ ದ್ರವ್ಯ ನೇರವಾಗಿ ಬೀಳಲಾರದು. ತಾರೆಗಳೆರಡೂ ಸುತ್ತುತ್ತಿರುವುದರಿಂದ ಅದಕ್ಕೆ ಅಡ್ಡಚಲನೆಯಿದೆ. ಅದು ನ್ಯೂಟ್ರಾನ್ ನಕ್ಷತ್ರವನ್ನು ಸುತ್ತುತ್ತ, ಉಜ್ಜುತ್ತ, ಕಾಯುತ್ತ, ಮೆಲ್ಲಮೆಲ್ಲನೆ ಒಳಕ್ಕಿಳಿಯುತ್ತದೆ. ಇದಕ್ಕೆ ‘ಸಂಚಯನ ತಟ್ಟೆ’ ಎಂಬ ಪದ ರೂಢಿಯಲ್ಲಿದೆ. ‘ಸಂಚಯನ’ವೆಂದರೆ ಕೂಡಿಡುವುದು; ಆದರೆ ತಟ್ಟೆಯಲ್ಲಿ ಏನೂ ಕೂಡಿಟ್ಟಿರುವುದಿಲ್ಲ, ಎಲ್ಲವೂ ಹಾದುಹೋಗುತ್ತದೆ. ‘ಸುಳಿತಟ್ಟೆ’ ಎಂದರೆ ಹೇಗೆ? ತುಂಗೆಯ ಮಡುವಿನ ಸುಳಿ ಕಂಡವನಿಗೆ ಅದರ ಕೆಲಸವೂ ಹೆಸರಿನಿಂದಲೇ ತಿಳಿಯುತ್ತದೆ. ಒಪ್ಪಬೇಕೆಂಬ ಹಟ ನನಗಿಲ್ಲ.

ಮೂರನೆಯದು ಚಮಚದ ವಿಷಯ. ನ್ಯೂಟ್ರಾನ್ ನಕ್ಷತ್ರದ ಒಂದು ಚಮಚ ದ್ರವ್ಯ ಇಷ್ಟು ಕೋಟಿ ಟನ್ ತೂಗುತ್ತದೆ ಎಂಬ ವಾಕ್ಯವಿಲ್ಲದ ಲೇಖನವೇ ವಿರಳ. ಆ ದ್ರವ್ಯ ಚಮಚದಲ್ಲಿ ನಿಲ್ಲದು. ಮೇಲಿನ ಒತ್ತಡ ತಪ್ಪಿದೊಡನೆ ಸಿಡಿದು ಹರಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಬೆರಗಿನಿಂದ ಮುಂದಕ್ಕೆ ದಾರಿಯಿಲ್ಲ. ಕ್ಷ-ಕಿರಣಗಳಿಗೆ ಸಂಬಂಧಿಸಿದ್ದು ತೂಕ ಮತ್ತು ತ್ರಿಜ್ಯಗಳ ಅನುಪಾತ. ಅದನ್ನು ಹೇಳಲು ರಸ್ತೆ ಸಾಕು: ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಬಸ್ಸಿನಲ್ಲಿ ದಿನವೂ ಓಡಾಡುವವರಿಗೆ ನ್ಯೂಟ್ರಾನ್ ನಕ್ಷತ್ರದ ವ್ಯಾಸ ಮೈಗೆ ಗೊತ್ತು. ಅಷ್ಟರೊಳಗೆ ಸೂರ್ಯನಿಗಿಂತ ಹೆಚ್ಚಿನ ತೂಕವಿದೆ ಎಂದಾಗ ಪ್ರಪಾತ ಎಷ್ಟು ಆಳವೆಂಬ ಲೆಕ್ಕಕ್ಕೆ ಓದುಗ ಸಿದ್ಧನಾಗುತ್ತಾನೆ.

‘ಮಿಡಿಯುವ ತಾರೆ’ ಎಂಬುದರ ಬಗೆಗೆ ಸಂಕ್ಷೇಪವಾಗಿ. ಉಬ್ಬಿ ಕುಗ್ಗುವ ಎದೆಯ ಚಿತ್ರ ಅದರಲ್ಲಿದೆ. ಇಲ್ಲಿರುವುದು ದೀಪಸ್ತಂಭದಂತೆ ತಿರುಗುವ ಗೋಲ. ಕಾಂತಕ್ಷೇತ್ರ ದ್ರವ್ಯವನ್ನು ಧ್ರುವಗಳ ಕಡೆಗೆ ತಿರುಗಿಸುತ್ತದೆ, ಅಲ್ಲಿ ಬಿಸಿ ಮಚ್ಚೆಗಳಾಗುತ್ತವೆ, ಗೋಲ ತಿರುಗಿದಂತೆ ಮಚ್ಚೆ ನಮಗೆ ಕಂಡು ಮರೆಯಾಗುತ್ತದೆ. 1970ರ ಡಿಸೆಂಬರ್ 12ರಂದು ಕೀನ್ಯಾದ ಕರಾವಳಿಯಿಂದ ಹಾರಿದ ‘ಉಹುರು’ ಉಪಗ್ರಹ ಸೆಂಟಾರಸ್ ಎಕ್ಸ್-3ರಲ್ಲಿ 4.8 ಸೆಕೆಂಡಿಗೊಮ್ಮೆ ಇಂಥ ಮಿನುಗನ್ನು ಕಂಡಿತು. ಸ್ವಾರಸ್ಯವಿರುವುದು ಮುಂದಿನ ಸಂಗತಿಯಲ್ಲಿ: ಆ ಅವಧಿ ಸ್ಥಿರವಾಗಿರಲಿಲ್ಲ, 2.1 ದಿನಗಳ ಲಯದಲ್ಲಿ ಏಳು ಮಿಲಿಸೆಕೆಂಡಿನಷ್ಟು ಹಿಗ್ಗಿ ಕುಗ್ಗುತ್ತಿತ್ತು. ಹತ್ತಿರ ಬರುವ ರೈಲಿನ ಸಿಳ್ಳು ಏರುದನಿಯಲ್ಲಿ, ದೂರ ಸರಿಯುವಾಗ ಇಳಿದನಿಯಲ್ಲಿ ಕೇಳುವಂತೆ, ಇದು ಕಕ್ಷೆಯಲ್ಲಿ ಸೆಕೆಂಡಿಗೆ ನಾನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಸುತ್ತುತ್ತಿರುವುದರ ಗುರುತು. ಅದೇ 2.1 ದಿನಗಳಿಗೊಮ್ಮೆ ಮೂಲವು ಸಂಗಾತಿಯ ಹಿಂದೆ ಮರೆಯಾಗಿ ಗ್ರಹಣವೂ ಆಗುತ್ತಿತ್ತು. ಯಮಳವೆಂಬುದು ಊಹೆಯಾಗಿದ್ದುದು ಪ್ರಮಾಣವಾದದ್ದು ಹೀಗೆ. 1962ರ ಜೂನ್‌ನಲ್ಲಿ ಜಿಯಕೋನಿ ಮತ್ತು ಸಂಗಡಿಗರ ರಾಕೆಟ್ಟು ವೃಶ್ಚಿಕ ಎಕ್ಸ್-1ನ್ನು ಆಕಸ್ಮಿಕವಾಗಿ ಕಂಡುದನ್ನು ರೋಚಕವಾಗಿ ಬಣ್ಣಿಸುವ ನಮ್ಮ ಬರೆಹಗಳು, ಆ ಏಳು ಮಿಲಿಸೆಕೆಂಡುಗಳನ್ನು ಬಿಟ್ಟುಬಿಡುತ್ತವೆ. ಪ್ರಮಾಣವನ್ನು ಬಿಟ್ಟು ಫಲಿತಾಂಶವನ್ನು ಮಾತ್ರ ಕೊಡುವ ಈ ಅಭ್ಯಾಸವೇ ಕನ್ನಡ ಓದುಗನನ್ನು ಕೇಳುಗನಾಗಿಯೇ ಉಳಿಸಿದೆ.

ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳು ಹೊರಬರುತ್ತಿದ್ದಾಗ ಕ್ಷ-ಕಿರಣ ಆಕಾಶ ಇನ್ನೂ ತೆರೆಯುತ್ತಿತ್ತಷ್ಟೆ, ಅಲ್ಲಿ ಇದನ್ನು ನಿರೀಕ್ಷಿಸುವುದು ಸಲ್ಲದು. ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗವನ್ನು ನೋಡಿಕೊಂಡ ಜಿ.ಟಿ. ನಾರಾಯಣ ರಾಯರು ಪದಗಳ ವಿಷಯದಲ್ಲಿ ತೋರಿದ ನಿಷ್ಠುರತೆ ನಮಗೆ ಮಾದರಿಯಾಗಬೇಕಿತ್ತು. ನಂತರದ ತಲೆಮಾರಿನಲ್ಲಿ ಬರೆಹದ ಪ್ರಮಾಣ ಹೆಚ್ಚಿತು, ಆ ನಿಷ್ಠುರತೆ ಸಡಿಲವಾಯಿತು ಎಂದೇ ನನ್ನ ಅಭಿಪ್ರಾಯ.

ಇನ್ನೂ ವಿಚಿತ್ರವೆಂದರೆ, ಈ ವಿಜ್ಞಾನ ನಮ್ಮ ನೆಲದ್ದೇ. ಉಡುಪಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ರೂಪುಗೊಂಡು 1975ರ ಏಪ್ರಿಲ್ 19ರಂದು ಹಾರಿದ ‘ಆರ್ಯಭಟ’ ಹೊತ್ತೊಯ್ದ ಮೂರು ಪ್ರಯೋಗಗಳಲ್ಲಿ ಒಂದು ಕ್ಷ-ಕಿರಣ ಖಗೋಳವಿಜ್ಞಾನದ್ದು. ವಿದ್ಯುತ್ ಪೂರೈಕೆಯ ದೋಷದಿಂದ ಕೆಲವೇ ದಿನಗಳಲ್ಲಿ ಆ ಪ್ರಯೋಗಗಳು ನಿಂತವು. ಎರಡು ರೂಪಾಯಿ ನೋಟಿನ ಮೇಲೆ ಅದರ ಚಿತ್ರವನ್ನು ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು ಓಡಾಡಿದ ನಮಗೆ ಅದು ಏನನ್ನು ನೋಡಲು ಹೋಗಿತ್ತೆಂದು ಹೇಳಿದವರು ಕಡಿಮೆ. 1996ರಲ್ಲಿ ಐಆರ್‌ಎಸ್-ಪಿ3 ಉಪಗ್ರಹದ ಮೇಲಿನ ಕ್ಷ-ಕಿರಣ ಉಪಕರಣ, 2015ರ ಸೆಪ್ಟೆಂಬರ್ 28ರಂದು ಹಾರಿದ ‘ಆಸ್ಟ್ರೋಸ್ಯಾಟ್’, ಎರಡೂ ಈ ಯಮಳಗಳನ್ನು ಮುಖ್ಯ ಗುರಿಯಾಗಿಸಿಕೊಂಡಿದ್ದವು. ಪತ್ರಿಕೆಗಳಲ್ಲಿ ಬಂದದ್ದು ಉಡಾವಣೆಯ ಹೊಗೆ ಮತ್ತು ಚಪ್ಪಾಳೆ.

ಆಸ್ಟ್ರೋಸ್ಯಾಟಿನ ದತ್ತಾಂಶ ಸಾರ್ವಜನಿಕವಾಗಿ ದೊರೆಯುತ್ತದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, 1987ರಲ್ಲಿ ಕುವೆಂಪು ಹೆಸರಿನಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯದಲ್ಲಿ ಓದುವ ವಿದ್ಯಾರ್ಥಿಗೆ ದೂರದರ್ಶಕ ಬೇಕಿಲ್ಲ, ಗಣಕ ಸಾಕು. ಅಡ್ಡಿಯಿರುವುದು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಭೌತವಿಜ್ಞಾನಕ್ಕೂ ಸಂಶೋಧನ ಪತ್ರಿಕೆಗೂ ನಡುವಿನ ಕಂದಕದಲ್ಲಿ. ಕಂದಕಕ್ಕೆ ಸೇತುವೆ ಕಟ್ಟುವ ಗದ್ಯ ಸಂಖ್ಯೆ, ತರ್ಕ, ಪ್ರಮಾಣ ಮೂರನ್ನೂ ಹೊತ್ತಿರಬೇಕು.

ಭದ್ರಾವತಿಯ ಹುಡುಗಿಗೆ ಹತ್ತಿರವಾದ ಇನ್ನೊಂದು ಉದಾಹರಣೆ ಕಬ್ಬಿಣದ ರೇಖೆ. ಈ ಯಮಳಗಳ ರೋಹಿತದಲ್ಲಿ 6.4 ಕಿಲೋ ಎಲೆಕ್ಟ್ರಾನ್-ವೋಲ್ಟಿನ ಬಳಿ ಒಂದು ಉಬ್ಬು ಕಾಣುತ್ತದೆ. ನ್ಯೂಟ್ರಾನ್ ನಕ್ಷತ್ರದ ಬಳಿ ಹುಟ್ಟಿದ ಕ್ಷ-ಕಿರಣ ಸುತ್ತಲಿನ ಅನಿಲದಲ್ಲಿರುವ ಕಬ್ಬಿಣದ ಪರಮಾಣುವಿನ ಒಳಗಿನ ಎಲೆಕ್ಟ್ರಾನನ್ನು ಕಿತ್ತೊಗೆಯುತ್ತದೆ. ಆ ತೆರವಿಗೆ ಹೊರಗಿನದೊಂದು ಇಳಿದಾಗ ಈ ಶಕ್ತಿಯ ಕಿರಣ ಹೊರಬರುತ್ತದೆ. ಉಕ್ಕಿನ ಕಾರ್ಖಾನೆಗಳ ಪ್ರಯೋಗಶಾಲೆಗಳಲ್ಲಿ ಮಾದರಿಯ ಮೇಲೆ ಕ್ಷ-ಕಿರಣ ಹಾಯಿಸಿ ಅದರ ಸಂಯೋಜನೆಯನ್ನು ಅಳೆಯುವುದು ಇದೇ ತತ್ತ್ವದಿಂದ. ಪರಮಾಣು ಎಲೆಕ್ಟ್ರಾನುಗಳನ್ನು ಬಹುವಾಗಿ ಕಳೆದುಕೊಂಡಿದ್ದರೆ ರೇಖೆ 6.7ಕ್ಕೋ 6.97ಕ್ಕೋ ಸರಿಯುತ್ತದೆ, ಅದರಿಂದ ಅನಿಲ ಎಷ್ಟು ಬಿಸಿ, ಎಷ್ಟು ದೂರ ಎಂದು ಊಹಿಸಬಹುದು. ಇದನ್ನು ಆಕೆಗೆ ಹೇಳಿದಾಗ, “ಹಾಗಾದ್ರೆ ಅಲ್ಲೂ ಲ್ಯಾಬ್ ಟೆಸ್ಟೇ ಸರ್” ಎಂದಳು. ಆ ವಾಕ್ಯ ನನ್ನ ಯಾವ ಲೇಖನದಲ್ಲಿಯೂ ಇರಲಿಲ್ಲ.

ಕೊನೆಗೆ ಈಗಿನ ಪದವೊಂದನ್ನು ಪರೀಕ್ಷೆಗೊಡ್ಡಬೇಕು. 2024ರ ಜನವರಿ 1ರಂದು ಶ್ರೀಹರಿಕೋಟಾದಿಂದ ಹಾರಿದ ‘ಎಕ್ಸ್‌ಪೋಸ್ಯಾಟ್’ ಉಪಗ್ರಹದಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆ ನಿರ್ಮಿಸಿದ ‘ಪೋಲಿಕ್ಸ್’ ಉಪಕರಣವಿದೆ. ಕ್ಷ-ಕಿರಣದ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತಿದೆ ಎಂಬುದನ್ನು ಅಳೆಯುವುದು ಅದರ ಕೆಲಸ. ಇದಕ್ಕೆ ನಮ್ಮಲ್ಲಿರುವ ಪದ ‘ಧ್ರುವೀಕರಣ’. ಪತ್ರಿಕೆ ಓದುವ ಕನ್ನಡಿಗನಿಗೆ ಅದು ಚುನಾವಣೆಯ ಕಾಲದ ಪದ. ಮತಗಳು ಎರಡು ಬಣಗಳಾಗಿ ಒಡೆಯುವುದು. ಬೆಳಕಿನಲ್ಲಿ ಒಡೆಯುವಿಕೆಯೂ ಇಲ್ಲ, ಧ್ರುವಗಳೂ ಇಲ್ಲ. ಎಲ್ಲ ದಿಕ್ಕಿನ ಕಂಪನಗಳ ಬದಲಿಗೆ ಒಂದು ದಿಕ್ಕು ಮೇಲುಗೈ ಪಡೆಯುತ್ತದೆ. ನ್ಯೂಟ್ರಾನ್ ನಕ್ಷತ್ರಕ್ಕಂತೂ ನಿಜವಾದ ಕಾಂತಧ್ರುವಗಳಿರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ‘ಕಂಪನದ ಒಮ್ಮುಖತೆ’ ಎಂದು ಬಿಡಿಸಿ ಬರೆಯುವುದೇ ಸದ್ಯಕ್ಕೆ ಕ್ಷೇಮ.

ಹರ್ಕ್ಯುಲಿಸ್ ಎಕ್ಸ್-1 ಎಂಬ ಯಮಳದಲ್ಲಿ, 1.24 ಸೆಕೆಂಡಿಗೊಮ್ಮೆ ತಿರುಗುವ ನ್ಯೂಟ್ರಾನ್ ನಕ್ಷತ್ರದ ಪ್ರಬಲ ಕಾಂತಕ್ಷೇತ್ರದಿಂದಾಗಿ ಈ ಒಮ್ಮುಖತೆ ಶೇಕಡಾ 80ರವರೆಗೂ ಇರಬಹುದೆಂದು ಸಿದ್ಧಾಂತಗಳು ಹೇಳಿದ್ದವು. 2021ರ ಡಿಸೆಂಬರಿನಲ್ಲಿ ಹಾರಿದ ‘ಇಕ್ಸ್‌ಪೀ’ ಉಪಗ್ರಹ 2ರಿಂದ 8 ಕಿಲೋ ಎಲೆಕ್ಟ್ರಾನ್-ವೋಲ್ಟ್‌ಗಳ ನಡುವೆ ಅಳೆದಾಗ ಸರಾಸರಿ ಸಿಕ್ಕದ್ದು ಶೇಕಡಾ 10ಕ್ಕಿಂತ ಕಡಿಮೆ. ಬೀಳುವ ದ್ರವ್ಯದ ತಳದಲ್ಲಿ ಮೇಲ್ಮೈಯ ಪದರಗಳ ಬಿಸಿ ನಾವೆಣಿಸಿದಂತಿಲ್ಲವೋ, ಹಲವು ಕಡೆಗಳಿಂದ ಬಂದ ಕಿರಣಗಳು ಬೆರೆತು ದಿಕ್ಕು ಕಳೆದುಕೊಂಡವೋ ಎಂಬ ಚರ್ಚೆ ನಡೆದಿದೆ. ಪೋಲಿಕ್ಸ್ ನೋಡುವುದು 8ರಿಂದ 30ರವರೆಗೆ, ಎಂದರೆ ಆ ಉಪಗ್ರಹ ಬಿಟ್ಟಲ್ಲಿಂದ ಮುಂದಕ್ಕೆ.